ಹಳೇ ಜೈಲು ಪಾರ್ಕಾಯಿತು, ಹೊಸ ಜೈಲು ತುಂಬಿತು

ಬೆಂಗಳೂರಿನ ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕ್ ಹೊಕ್ಕವರ ಕಣ್ಣು ಮೊದಲು ಹೋಗುವುದು ಕಾವಲು ಗೋಪುರದತ್ತ. ಮೇಲೆ ನಿಂತವನಿಗೆ ಸುತ್ತಲಿನ ಬ್ಯಾರಕ್‌ಗಳೆಲ್ಲ ಕಾಣಬೇಕು, ಹಾಗೆ ಕಟ್ಟಿದ್ದಾರೆ. ನಾನು ಹೋದ ಮಧ್ಯಾಹ್ನ ಅದರ ನೆರಳಲ್ಲಿ ಕಾಲೇಜು ಹುಡುಗರು ಪರೀಕ್ಷೆಗೆ ಓದುತ್ತಿದ್ದರು.

1867ರಲ್ಲಿ ಕಟ್ಟಿದ ಸೆಂಟ್ರಲ್ ಜೈಲು ಇದು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇಲ್ಲಿದ್ದರು. ನಟಿ ಸ್ನೇಹಲತಾ ರೆಡ್ಡಿ ಆಸ್ತಮಾದಿಂದ ನರಳಿದ್ದೂ ಇಲ್ಲೇ. ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. 2000ದಲ್ಲಿ ಜೈಲು ಪರಪ್ಪನ ಅಗ್ರಹಾರಕ್ಕೆ ಹೋಯಿತು. 2008ರಲ್ಲಿ ಪಾರ್ಕ್ ತೆರೆಯಿತು.

ಹುಲ್ಲಿಗೆ ನೀರು ಬಿಡುತ್ತಿದ್ದ ಮಾಲಿ ಪೈಪು ಕೆಳಗಿಟ್ಟು ಮಾತಿಗೆ ನಿಂತರು. "ಬಂದೋರೆಲ್ಲ ವಾಜಪೇಯಿ ಇದ್ದ ರೂಮು ಯಾವ್ದು ಅಂತಾರೆ ಸಾರ್. ಮಿಕ್ಕೋರು ಎಲ್ಲಿ ಮಲಗ್ತಿದ್ರು ಅಂತ ಒಬ್ರೂ ಕೇಳಲ್ಲ." ಧರಣಿ ಮುಗಿಸಿ ಹೋದವರು ಬಿಟ್ಟ ನೀರಿನ ಬಾಟಲಿಗಳನ್ನು ತೋರಿಸಿ ಗೊಣಗಿದರು. ನಗರದ ಪ್ರತಿಭಟನೆಗಳಿಗೆಲ್ಲ ಈಗ ಇದೇ ಜಾಗ. ಆಮೇಲೆ ದನಿ ತಗ್ಗಿಸಿ ತಮ್ಮ ಬೀದಿಯ ಹುಡುಗನ ವಿಷಯ ತೆಗೆದರು. ಅವನು ಪರಪ್ಪನ ಅಗ್ರಹಾರದಲ್ಲಿದ್ದಾನೆ. "ಬೇಲ್ ಆಗೈತೆ, ಶ್ಯೂರಿಟಿಗೆ ಪಹಣಿ ತರ್ಬೇಕಂತೆ. ನಮ್ಮಂಥೋರ ಹತ್ರ ಜಮೀನು ಎಲ್ಲೈತೆ?"

ಜೈಲುಗಳು ಯಾಕೆ ತುಂಬಿವೆ ಎಂಬುದಕ್ಕೆ ಅರ್ಧ ಉತ್ತರ ಆ ಪ್ರಶ್ನೆಯಲ್ಲೇ ಇದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿ 4,36,266 ಮಂದಿಗೆ ಜಾಗವಿತ್ತು, ಇದ್ದವರು 5,73,220. ಅವರಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಮಂದಿ ವಿಚಾರಣಾಧೀನರು. ಊರ ಹೊರಗೆ ಕಟ್ಟಿದ ಪರಪ್ಪನ ಅಗ್ರಹಾರದ ಸುತ್ತ ಈಗ ಊರೇ ಬೆಳೆದಿದೆ, ಒಳಗೂ ಕಿಕ್ಕಿರಿದಿದೆ. ಮಂಗಳೂರಿನ ಇಕ್ಕಟ್ಟು ತಪ್ಪಿಸಲು ಮುಡಿಪು ಬಳಿ ಹೊಸ ಜೈಲಿನ ಯೋಜನೆ ಇದೆ. ಅದು ಬೇಕು; ಕಾಲು ಚಾಚಲೂ ಜಾಗವಿಲ್ಲದೆ ಮಲಗಿಸುವುದು ಯಾವ ಶಿಕ್ಷೆಯಲ್ಲೂ ಬರೆದಿಲ್ಲ. ಆದರೆ ಜಾಮೀನು ಸಿಕ್ಕವರನ್ನೂ ಒಳಗೇ ಉಳಿಸಿಕೊಂಡರೆ ಎಷ್ಟು ಬ್ಯಾರಕ್ ಕಟ್ಟಿದರೂ ಸಾಲದು.

2024ರ ಜುಲೈನಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ, ಹಿಂದೆ ಯಾವ ಪ್ರಕರಣದಲ್ಲೂ ದೋಷಿ ಎಂದು ಸಾಬೀತಾಗದ ವಿಚಾರಣಾಧೀನರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹರು. ಮರಣದಂಡನೆ, ಜೀವಾವಧಿ ಶಿಕ್ಷೆಯ ಪ್ರಕರಣಗಳಿಗೆ, ಹಲವು ಪ್ರಕರಣಗಳಿದ್ದವರಿಗೆ ಇದು ಸಿಗದು. ಬಂಧನದಲ್ಲಿರುವ ಯಾರಿಗೇ ಆಗಲಿ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ನಿಮ್ಮ ಬೀದಿಯಲ್ಲೂ ಇಂಥ ಹುಡುಗನಿದ್ದರೆ ಅವನ ಮನೆಯವರಿಗೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100 ತಿಳಿಸಿ.