ಓದನ್ನು ಕಲಿಸುವವರಾರು?

ಪ್ರೌಢಶಾಲೆಯಲ್ಲಿ ಓದನ್ನು ಕಲಿಸುವ ಹೊಣೆ ಭಾಷೆಯ ಉಪಾಧ್ಯಾಯರದೇ ಎಂಬುದು ಬಹುಜನರ ಭಾವನೆ. ಆದರೆ ಕಥೆ ಕವನಗಳನ್ನು ಸವಿಯಬಲ್ಲ ವಿದ್ಯಾರ್ಥಿಯೇ ವಿಜ್ಞಾನದ ಒಂದು ಪುಟದ ಮುಂದೆ ಮಂಕಾಗಿ ಕುಳಿತುಬಿಡುವುದುಂಟು. ಶಾಸ್ತ್ರಗದ್ಯದ ನಡೆಯನ್ನು ಆತನಿಗೆ ಯಾರೂ ಪರಿಚಯ ಮಾಡಿಕೊಟ್ಟಿರುವುದಿಲ್ಲ.

ಒಂದೊಂದು ಶಾಸ್ತ್ರಕ್ಕೂ ಒಂದೊಂದು ಓದಿನ ಕ್ರಮವಿದೆ. ತಲೆಯ ಮೇಲೆ ಮೂಟೆ ಹೊತ್ತು ಕದಲದೆ ನಿಂತ ಕೂಲಿಯವನು ಲೋಕದ ಮಾತಿನಲ್ಲಿ ದುಡಿಯುತ್ತಿದ್ದಾನೆ. ಭೌತಶಾಸ್ತ್ರದ ಮಾತಿನಲ್ಲಿ ಆ ಮೂಟೆಯ ಮೇಲೆ ಅವನು ಮಾಡುತ್ತಿರುವ ಕೆಲಸ ಸೊನ್ನೆ. ಪರಿಚಿತ ಪದವೇ ಇಲ್ಲಿ ಬೇರೆ ಅರ್ಥ ತಳೆದಿದೆಯೆಂದು ಅರಿಯದವನು ಪಾಠವನ್ನು ಉರುಹೊಡೆಯಬಲ್ಲನೇ ಹೊರತು ಓದಲಾರನು. ಚರಿತ್ರೆಯ ಪಾಠದಲ್ಲಿ ಹಲ್ಮಿಡಿ ಶಾಸನದ ಕಾಲ ಸುಮಾರು ಕ್ರಿ.ಶ. 450 ಎಂದಿರುತ್ತದೆ. ಶಾಸನದಲ್ಲಿಯೇ ಇಸವಿಯಿಲ್ಲ, ಲಿಪಿ ಮೊದಲಾದ ಕುರುಹುಗಳಿಂದ ವಿದ್ವಾಂಸರು ಊಹಿಸಿದ ಕಾಲವದು. ‘ಸುಮಾರು’ ಎಂಬುದನ್ನು ಹಾರಿಸಿ ಓದಿದವನಿಗೆ ಊಹೆಯೇ ಸಂಗತಿಯಾಗಿ ತೋರುತ್ತದೆ. ಗಣಿತದಲ್ಲಿಯಾದರೋ ‘ಐದಕ್ಕಿಂತ ಹೆಚ್ಚು’ ಎಂಬುದಕ್ಕೂ ‘ಐದಕ್ಕೆ ಕಡಮೆಯಿಲ್ಲ’ ಎಂಬುದಕ್ಕೂ ಇರುವ ಭೇದದಿಂದಲೇ ಉತ್ತರ ಬದಲಾದೀತು.

ಈ ಸೂಕ್ಷ್ಮಗಳನ್ನು ಆಯಾ ವಿಷಯದ ಉಪಾಧ್ಯಾಯರೇ ತೋರಿಸಿಕೊಡಬೇಕು. ಟಿಪ್ಪಣಿ ಬರೆಸುವ ಮೊದಲು ವಾರಕ್ಕೊಂದು ಪುಟವನ್ನಾದರೂ ವಿದ್ಯಾರ್ಥಿಗಳಿಂದಲೇ ಓದಿಸಿ, ‘ಇಲ್ಲಿ ಹೇಳಿರುವುದೇನು? ಅದಕ್ಕೆ ಆಧಾರವೇನು?’ ಎಂದು ಕೇಳಲಿ. ಬಳಿಕ ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’ವನ್ನೋ, 1978ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಗ್ರಂಥವನ್ನೋ ಅವರ ಕೈಗಿಡಲಿ.

ನಾಳೆ ಸಾಲದ ಕರಾರನ್ನೋ ಔಷಧದ ಸೂಚನೆಯನ್ನೋ ಪತ್ರಿಕೆಯ ವರದಿಯನ್ನೋ ಓದಬೇಕಾಗಿ ಬಂದಾಗ, ಅರ್ಥ ಬಿಡಿಸಿ ಹೇಳಲು ಪಕ್ಕದಲ್ಲಿ ಉಪಾಧ್ಯಾಯರಿರುವುದಿಲ್ಲ.