ಬೇಗ ಹೋಗಬೇಕು, ತುಸುವೇ ಜಾಗದಲ್ಲಿ ನಿಲ್ಲಬೇಕು

ನೇಪಾಳದ ಲುಕ್ಲಾದಲ್ಲಿರುವ ರನ್‌ವೇಯ ಉದ್ದ 527 ಮೀಟರ್. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ರನ್‌ವೇ 4,000 ಮೀಟರ್ ಇದೆ ಎಂಬುದನ್ನು ನೆನೆದರೆ ಲುಕ್ಲಾ ಎಷ್ಟು ಚಿಕ್ಕದು ಎಂದು ಹೊಳೆಯುತ್ತದೆ. 1964ರಲ್ಲಿ ಎಡ್ಮಂಡ್ ಹಿಲರಿ ಮುಂದೆ ನಿಂತು ಮಾಡಿಸಿದ ನಿಲ್ದಾಣ ಅದು. ಸಮುದ್ರಮಟ್ಟದಿಂದ ಸುಮಾರು 2,845 ಮೀಟರ್ ಎತ್ತರ. ಒಂದು ತುದಿಯಲ್ಲಿ ಕಮರಿ, ಇನ್ನೊಂದು ತುದಿಯಲ್ಲಿ ಬೆಟ್ಟದ ಗೋಡೆ. ನಡುವಿನ ದಾರಿ ಸಮತಟ್ಟಾಗಿಲ್ಲ, ಪ್ರತಿ 100 ಮೀಟರಿಗೆ ಸುಮಾರು 11.7 ಮೀಟರ್ ಏರುತ್ತದೆ.

ಈ ಏರೇ ಅಲ್ಲಿನ ಬ್ರೇಕು. 527 ಮೀಟರ್ ಸಾಗುವಷ್ಟರಲ್ಲಿ ವಿಮಾನ ಸುಮಾರು 60 ಮೀಟರ್ ಮೇಲೇರಿರುತ್ತದೆ. ಕೆಳತುದಿಯಲ್ಲಿ ಗಂಟೆಗೆ 120 ಕಿ.ಮೀ. ವೇಗದಲ್ಲಿ ನೆಲ ಮುಟ್ಟಿದ ವಿಮಾನ ಬ್ರೇಕನ್ನೇ ಹಾಕದೆ ಸುಮ್ಮನೆ ಉರುಳುತ್ತ ಹೋದರೂ ಮೇಲ್ತುದಿ ತಲುಪುವಷ್ಟರಲ್ಲಿ ಬಹುಮಟ್ಟಿಗೆ ತಾನಾಗಿಯೇ ನಿಂತಿರುತ್ತದೆ. ಪಿಯುಸಿಯಲ್ಲಿ ಕಲಿತ ಚಲನಶಕ್ತಿ, ಸ್ಥಾನಶಕ್ತಿಯ ಲೆಕ್ಕ ಸಾಕು, ಕಾಗದದ ಮೇಲೆ ಹಾಕಿ ನೋಡಿ.

ಮನೆಯ ಕಂಪ್ಯೂಟರಿನಲ್ಲಿ ಫ್ಲೈಟ್ ಸಿಮ್ಯುಲೇಟರ್ ಹಾರಿಸುವವರು ಒಂದಲ್ಲ ಒಂದು ದಿನ ಲುಕ್ಲಾಕ್ಕೆ ಹೋಗಿಯೇ ಹೋಗುತ್ತಾರೆ. ಹೋದಾಗ ಎದುರಾಗುವ ಮೊದಲ ಪ್ರಶ್ನೆ, ಯಾವ ವಿಮಾನ? ಗಿಡ್ಡ ರನ್‌ವೇಯಲ್ಲಿ, ಹುಲ್ಲುಗಾವಲಲ್ಲಿ, ಹೊಳೆಯ ದಂಡೆಯ ಕಲ್ಲುಗಳ ಮೇಲೆ ಇಳಿಯಬಲ್ಲ ಬುಷ್ ಪ್ಲೇನುಗಳು ಬೇಕಾದಷ್ಟಿವೆ. ಆದರೆ ಅವುಗಳಲ್ಲಿ ಹೆಚ್ಚಿನವು ನಿಧಾನ. ಕಾಠ್ಮಂಡುವಿನಿಂದ ಲುಕ್ಲಾಕ್ಕೆ ನೇರ ದೂರ ಸುಮಾರು 136 ಕಿ.ಮೀ. ಹೆಸರಾಂತ ಪೈಪರ್ ಸೂಪರ್ ಕಬ್ 100 ನಾಟ್ ವೇಗದಲ್ಲಿ ಇದಕ್ಕೆ ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತದೆ. ನಾಟ್ ಎಂದರೆ ಗಂಟೆಗೆ 1.85 ಕಿ.ಮೀ. ಈ ಮುಕ್ಕಾಲು ಗಂಟೆಗೆ ಬೆಟ್ಟ ಹತ್ತುವ ಹೊತ್ತನ್ನೂ ಸೇರಿಸಬೇಕು. ಕೆಲಸ ಮುಗಿಸಿ ಬಂದು ರಾತ್ರಿ ಊಟಕ್ಕೆ ಮುಂಚೆ ಸಿಗುವ ಒಂದು ಗಂಟೆಯಲ್ಲಿ ಹಾರಬೇಕಾದವರಿಗೆ ವೇಗ ಎನ್ನುವುದು ಶೋಕಿಯಲ್ಲ, ಅಗತ್ಯ.

ಬೇಗ ಹೋಗುವುದು, ಗಿಡ್ಡ ಜಾಗದಲ್ಲಿ ಇಳಿಯುವುದು, ಇವೆರಡೂ ರೆಕ್ಕೆಯಿಂದ ಬಯಸುವುದು ತದ್ವಿರುದ್ಧ ಗುಣಗಳನ್ನು. ರೆಕ್ಕೆ ಹೊರುವ ಭಾರ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ವೇಗ ಅರ್ಧವಾದರೆ ಎತ್ತುವ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಹಾಗಾಗಿ ನಿಧಾನವಾಗಿ ಇಳಿಯಬೇಕಾದರೆ ದೊಡ್ಡ, ದಪ್ಪ, ಬಾಗಿದ ರೆಕ್ಕೆ ಬೇಕು. ಅದೇ ರೆಕ್ಕೆ ಮೇಲೆ ಹೋಗಿ ವೇಗ ಹಿಡಿದಾಗ ಹೊರೆಯಾಗುತ್ತದೆ. ಇಳಿಯುವ ವೇಗದ ಐದು ಪಟ್ಟು ವೇಗದಲ್ಲಿ ಹಾರುವಾಗ ರೆಕ್ಕೆಯ ಸಾಮರ್ಥ್ಯದಲ್ಲಿ ಇಪ್ಪತ್ತೈದರಲ್ಲಿ ಒಂದು ಪಾಲು ಮಾತ್ರ ಬಳಕೆಯಾಗುತ್ತಿರುತ್ತದೆ, ಉಳಿದ ಗಾತ್ರವೆಲ್ಲ ಗಾಳಿಯನ್ನು ತಡೆಯುತ್ತ ಕೂತಿರುತ್ತದೆ.

ಹಾಗಾದರೆ ದೊಡ್ಡ ಎಂಜಿನ್ ಕೂರಿಸಿ ಎನ್ನಬಹುದು. ಗಾಳಿಯನ್ನು ಸೀಳಿ ಹೋಗಲು ಬೇಕಾದ ಅಶ್ವಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 100 ನಾಟ್ ಇದ್ದದ್ದನ್ನು 125ಕ್ಕೆ ಒಯ್ಯಲು ಹತ್ತಿರಹತ್ತಿರ ಎರಡು ಪಟ್ಟು ಶಕ್ತಿ ಬೇಕು. ಸೂಪರ್ ಕಬ್‌ನ ಎಂಜಿನ್ 150 ಅಶ್ವಶಕ್ತಿಯದು. ಅದೇ ವಂಶದ ಹೊಸ ಕುಡಿ ಎಕ್ಸ್‌ಕಬ್ 180 ಅಶ್ವಶಕ್ತಿಯಲ್ಲೇ ಸುಮಾರು 125 ನಾಟ್ ಹೋಗುತ್ತದೆ ಎನ್ನುತ್ತಾರೆ ತಯಾರಕರು. ಲೆಕ್ಕದ ಪ್ರಕಾರ 300 ಬೇಕಿತ್ತು. ಆ ಅಂತರವನ್ನು ತುಂಬಿರುವುದು ಬಹುಪಾಲು ಮೈಯ ನುಣುಪು. ಚಕ್ರದ ಕಾಲುಗಳು, ಕೊಳವೆಗಳು, ಕೀಲುಗಳು ಗಾಳಿಗೆ ಒಡ್ಡಿಕೊಳ್ಳುವುದನ್ನು ಕಡಿಮೆ ಮಾಡಿಯೇ ಅವರು ಇಷ್ಟು ದೂರ ಬಂದಿದ್ದಾರೆ. ಈ ಬಗೆಯ ಕೆಲಸ ಫೋಟೋದಲ್ಲಿ ಕಾಣುವುದಿಲ್ಲ, ಹಾಗಾಗಿ ಹೊಗಳಿಕೆಯೂ ಸಿಗುವುದಿಲ್ಲ. ನನಗಂತೂ ಅದರ ಮೇಲೆ ಬಹಳ ಗೌರವ.

ಇನ್ನೊಂದು ದಾರಿ, ರೆಕ್ಕೆಯ ಆಕಾರವನ್ನೇ ಬದಲಿಸುವುದು. ತಾರಸಿಯ ಗೋಡೆಯ ಮೇಲೆ ಪಾರಿವಾಳ ಇಳಿಯುವುದನ್ನು ಗಮನವಿಟ್ಟು ನೋಡಿ. ಕೊನೆಯ ಗಳಿಗೆಯಲ್ಲಿ ಮೈಯನ್ನು ನೆಟ್ಟಗೆ ಮಾಡಿ, ಬಾಲವನ್ನು ಬೀಸಣಿಗೆಯಂತೆ ಹರಡಿ, ರೆಕ್ಕೆಯ ಮುಂಅಂಚಿನಲ್ಲಿ ಹೆಬ್ಬೆರಳಿನಂಥ ಒಂದು ಪುಟ್ಟ ಗರಿಗುಚ್ಛವನ್ನು ಎತ್ತುತ್ತದೆ. ಆ ಗುಚ್ಛ ಮತ್ತು ರೆಕ್ಕೆಯ ನಡುವಿನ ಸೀಳಿನಲ್ಲಿ ನುಗ್ಗಿದ ಗಾಳಿ ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯುತ್ತದೆ. ಅದು ಕಿತ್ತುಕೊಂಡು ಸುಳಿಯಾದರೆ ರೆಕ್ಕೆಯ ಬಲ ಉಡುಗುತ್ತದೆ. ಅದಕ್ಕೇ ಸ್ಟಾಲ್ ಎನ್ನುವುದು.

ವಿಮಾನದಲ್ಲಿ ಇದೇ ಕೆಲಸ ಮಾಡುವ ಪಟ್ಟಿಗೆ ಸ್ಲ್ಯಾಟ್ ಎಂದು ಹೆಸರು. ಅದನ್ನು ಅತ್ಯಂತ ಚೆನ್ನಾಗಿ ಬಳಸಿದ ಬುಷ್ ಪ್ಲೇನ್ ಅಮೆರಿಕದ ಹೀಲಿಯೊ ಕೊರಿಯರ್. ಎಂಐಟಿಯ ಒಟ್ಟೊ ಕೊಪ್ಪೆನ್ ಮತ್ತು ಹಾರ್ವರ್ಡಿನ ಲಿನ್ ಬಾಲಿಂಜರ್ ಸೇರಿ ರೂಪಿಸಿದ ಇದರ ಮೂಲಮಾದರಿ 1949ರಲ್ಲಿ ಹಾರಿತು. ಸ್ಲ್ಯಾಟನ್ನು ಎಳೆಯಲು ಪೈಲಟ್ ಕೈಗೆ ಹಿಡಿಯಿಲ್ಲ, ಮೋಟಾರೂ ಇಲ್ಲ. ವೇಗದಲ್ಲಿ ಗಾಳಿಯ ಒತ್ತಡ ಅವನ್ನು ರೆಕ್ಕೆಗೆ ಅಂಟಿಸಿ ಹಿಡಿದಿರುತ್ತದೆ. ವೇಗ ತಗ್ಗಿ ಮೂತಿ ಮೇಲೆದ್ದಂತೆ ರೆಕ್ಕೆಯ ಮುಂಅಂಚಿನಲ್ಲಿ ಹೀರುವಿಕೆ ಹೆಚ್ಚಿ, ಅವು ತಾವಾಗಿಯೇ ಮುಂದಕ್ಕೆ ಜಾರಿ ಬರುತ್ತವೆ. 295 ಅಶ್ವಶಕ್ತಿಯ ಮಾದರಿ ಎಂಜಿನ್ನಿನ ಎಳೆತ ಇರುವಾಗ ಗಂಟೆಗೆ ಸುಮಾರು 50 ಕಿ.ಮೀ.ಗೆ ಇಳಿದರೂ ಹಿಡಿತದಲ್ಲಿ ಇರುತ್ತಿತ್ತು, ಮೇಲೆ ಹೋದರೆ ಗಂಟೆಗೆ 260 ಕಿ.ಮೀ. ಓಡುತ್ತಿತ್ತು. ಐದು ಪಟ್ಟಿಗೂ ಮಿಗಿಲು! ಲಾವೋಸಿನ ಬೆಟ್ಟದ ತುದಿಯ ಮಣ್ಣಿನ ಪಟ್ಟಿಗಳಲ್ಲಿ ಏರ್ ಅಮೆರಿಕದ ಪೈಲಟ್‌ಗಳು ಇದನ್ನು ಇಳಿಸುತ್ತಿದ್ದರು. ಎಲ್ಲ ಸೇರಿ ಸುಮಾರು 500 ಮಾತ್ರ ತಯಾರಾದವು ಎನ್ನುವುದು ನನಗೆ ಇಂದಿಗೂ ಬೇಸರದ ಸಂಗತಿ.

ಸ್ವಿಟ್ಜರ್ಲೆಂಡಿನ ಪಿಲಾಟಸ್ ಪೋರ್ಟರ್ ಬೇರೆಯೇ ಹಾದಿ ಹಿಡಿಯಿತು. 1959ರಲ್ಲಿ ಹಾರಿದ ಈ ವಿಮಾನದ ಆರಂಭದ ಒಂದು ಮಾದರಿ, ‘ಯೇತಿ’ ಎಂಬ ಹೆಸರಿನದು, 1960ರಲ್ಲಿ ಸ್ವಿಸ್ ಪರ್ವತಾರೋಹಿಗಳ ಜೊತೆ ಧವಳಗಿರಿಗೆ ಹೋಗಿ ಸುಮಾರು 5,700 ಮೀಟರ್ ಎತ್ತರದ ಹಿಮದ ಮೇಲೆ ಇಳಿಯಿತು. ನಂತರ ಬಂದ ಟರ್ಬೈನ್ ಪೋರ್ಟರಿನಲ್ಲಿ ಪ್ರೊಪೆಲ್ಲರಿನ ಅಲಗನ್ನು ಹಿಮ್ಮುಖ ತಿರುಗಿಸಿ ಅದನ್ನೇ ಬ್ರೇಕಾಗಿ ಬಳಸಬಹುದು. ನೆಲದ ಮೇಲೆ ಓಡಿ ಮೇಲೇಳಲು 200 ಮೀಟರ್, ಇಳಿದು ನಿಲ್ಲಲು ಅದಕ್ಕಿಂತ ಕಡಿಮೆ. ಆದರೆ ಪಯಣದ ವೇಗ 125 ನಾಟ್ ಆಸುಪಾಸು. ಬೆಟ್ಟದ ಹೋರಿ ಇದು, ರೇಸಿನ ಕುದುರೆಯಲ್ಲ.

ಎತ್ತರದ ಮಾತನ್ನು ಹೇಳದೆ ಆಯ್ಕೆಯ ಮಾತು ಮುಗಿಯುವುದಿಲ್ಲ. ಲುಕ್ಲಾದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮುಕ್ಕಾಲು ಭಾಗ. ಸಾಮಾನ್ಯ ಪಿಸ್ಟನ್ ಎಂಜಿನ್ನಿನ ಶಕ್ತಿಯೂ ಮುಕ್ಕಾಲಿಗಿಂತ ಕೆಳಗೆ ಬೀಳುತ್ತದೆ. ಇನ್ನೂ ಅಪಾಯದ್ದೆಂದರೆ, ವೇಗಮಾಪಕ 60 ನಾಟ್ ತೋರಿಸುವಾಗ ನಿಜವಾದ ವೇಗ 70ರ ಹತ್ತಿರ ಇರುತ್ತದೆ. ನಿಲ್ಲಿಸಬೇಕಾದ ಶಕ್ತಿ ಮೂರನೇ ಒಂದು ಪಾಲಿನಷ್ಟು ಹೆಚ್ಚಿತೆಂದು ಅರ್ಥ. ಇದಕ್ಕೆ ಹಿಮಾಲಯವೇ ಬೇಕೆಂದಿಲ್ಲ. ಬೆಂಗಳೂರಿನ ಜಕ್ಕೂರು ಸುಮಾರು 3,000 ಅಡಿ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಬಿಸಿಲಿದ್ದರೆ ರೆಕ್ಕೆಗೂ ಎಂಜಿನ್ನಿಗೂ ಅದು 6,000 ಅಡಿ ಎತ್ತರವಿದ್ದಂತೆ. ಟರ್ಬೈನುಗಳು ಗೆಲ್ಲುವುದು ಇಲ್ಲೇ. ಪೋರ್ಟರಿನ ಪಿಟಿ6 ಎಂಜಿನ್ 680 ಅಶ್ವಶಕ್ತಿ ಕೊಡಬಲ್ಲದು, ಬಳಸುವುದು 550 ಮಾತ್ರ. ಉಳಿಕೆಯ ಬಲದಿಂದ ತೆಳುಗಾಳಿಯಲ್ಲೂ ಬಹಳ ಎತ್ತರದವರೆಗೆ ಆ 550ನ್ನು ಬಿಟ್ಟುಕೊಡುವುದಿಲ್ಲ.

ಇಷ್ಟಾದ ಮೇಲೆ ನನ್ನ ತೀರ್ಮಾನ ಹೇಳುತ್ತೇನೆ. ಗರಿಷ್ಠ ವೇಗವನ್ನು ನೋಡಿ ವಿಮಾನ ಆರಿಸಬೇಡಿ. ಪಯಣದ ವೇಗವನ್ನು ಸ್ಟಾಲ್ ವೇಗದಿಂದ ಭಾಗಿಸಿ. ಸೂಪರ್ ಕಬ್‌ಗೆ 2.7 ಬರುತ್ತದೆ, ಎಕ್ಸ್‌ಕಬ್‌ಗೆ 3.7ರಷ್ಟು. ಮೈಕ್ರೋಸಾಫ್ಟ್‌ನ 2020ರ ಸಿಮ್ಯುಲೇಟರಿನಲ್ಲಿ ಎಕ್ಸ್‌ಕಬ್ ಜೊತೆಯಲ್ಲೇ ಬರುತ್ತದೆ, ಆದ್ದರಿಂದ ಒಬ್ಬಿಬ್ಬರ ಪಯಣಕ್ಕೆ, ಹೊಳೆದಂಡೆಗೆ, ಹುಲ್ಲುಗಾವಲಿಗೆ ಬೇರೆ ಹುಡುಕುವುದೇ ಬೇಡ. ಸರಕು, ಪ್ರಯಾಣಿಕರು, ಹಿಮಾಲಯ ಎಂದರೆ ಕೊಡಿಯಾಕ್ 100. ಅಮೆರಿಕದ ಐಡಹೊದಲ್ಲಿ, ದುರ್ಗಮ ಹಳ್ಳಿಗಳ ಸೇವೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಈ ವಿಮಾನಕ್ಕೆ 750 ಅಶ್ವಶಕ್ತಿಯ ಪಿಟಿ6 ಇದೆ. ಸ್ಟಾಲ್ ವೇಗ 60 ನಾಟ್, ಪಯಣ 170ಕ್ಕೂ ಮೇಲೆ. ಭಾಗಿಸಿದರೆ 2.9 ಮಾತ್ರ ಎನ್ನುವಿರಾದರೂ ಅದು ಮೂರೂಕಾಲು ಟನ್ ತೂಕದೊಂದಿಗೆ 285 ಮೀಟರ್ ಓಟದಲ್ಲಿ ನೆಲ ಬಿಡುತ್ತದೆ. ರೆಕ್ಕೆಯ ಹೊರಭಾಗದ ಮುಂಅಂಚನ್ನು ಬೇರೆ ಆಕಾರದಲ್ಲಿ ಮಾಡಿರುವುದರಿಂದ ಒಳಭಾಗ ಸ್ಟಾಲ್ ಆದರೂ ತುದಿ ಇನ್ನೂ ಹಾರುತ್ತಿರುತ್ತದೆ, ವಾಲದಂತೆ ಹಿಡಿಯಬಹುದು. ಕಾಠ್ಮಂಡುವಿನಿಂದ ಲುಕ್ಲಾಕ್ಕೆ ಅರ್ಧ ಗಂಟೆ ಸಾಕು.

ಸಿಮ್ಯುಲೇಟರಿಗೆಂದು ಕೊಂಡ ವಿಮಾನ ನಿಜದಂತೆ ಹಾರುತ್ತದೆಯೇ ಎಂದು ನೀವೇ ಪರೀಕ್ಷಿಸಬಹುದು. 5,000 ಅಡಿಗೆ ಹೋಗಿ, ತೂಕವನ್ನು ಪೂರ್ತಿ ತುಂಬಿ, ಫ್ಲ್ಯಾಪ್ ಇಳಿಸಿ, ಥ್ರಾಟಲ್ ಎಳೆದು, ಎತ್ತರ ಕಳೆದುಕೊಳ್ಳದಂತೆ ಮೂತಿಯನ್ನು ಮೆಲ್ಲಗೆ ಎತ್ತುತ್ತ ಬನ್ನಿ. ಯಾವ ವೇಗದಲ್ಲಿ ಮೂತಿ ಬೀಳುತ್ತದೆಂದು ಬರೆದಿಟ್ಟುಕೊಳ್ಳಿ. ವಿಮಾನದ ಕೈಪಿಡಿಯಲ್ಲಿರುವ ಅಂಕಿಗೆ ಅದು ನಾಲ್ಕೈದು ನಾಟ್ ಒಳಗೆ ಹೊಂದಿದರೆ ನಂಬಿ. ತೂಕ ಖಾಲಿ ಇಟ್ಟು ಗಿಡ್ಡ ಜಾಗದಲ್ಲಿ ಇಳಿಸಿದ್ದನ್ನು ಸಾಧನೆ ಎಂದು ಎಣಿಸಬೇಡಿ, ಖಾಲಿ ವಿಮಾನ ಎಲ್ಲಿಯೂ ಇಳಿಯುತ್ತದೆ.

ಆಮೇಲೆ ಲುಕ್ಲಾಕ್ಕೆ ಹೊರಡಿ. ಅಲ್ಲಿ ತೀರಾ ಹತ್ತಿರ ಬಂದ ಮೇಲೆ ಮತ್ತೆ ಮೇಲೆದ್ದು ಸುತ್ತು ಹಾಕಲು ಬೆಟ್ಟ ಬಿಡುವುದಿಲ್ಲ. ಇಳಿಯುವುದೋ ಮರಳುವುದೋ ಎಂಬುದು ಕಣಿವೆಯಲ್ಲಿರುವಾಗಲೇ ನಿರ್ಧಾರವಾಗಿರಬೇಕು. ಸಿಮ್ಯುಲೇಟರಿನಲ್ಲಿ ನಿಜ ಹವಾಮಾನ ಹಾಕಿಕೊಂಡಿದ್ದರೆ ನೇಪಾಳದ ಗಡಿಯಾರ ನೋಡಿ, ಬೆಳಗಿನ ಹೊತ್ತನ್ನೇ ಆರಿಸಿ. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಗಾಳಿ ಏಳುತ್ತದೆ, ಮೋಡ ಕವಿಯುತ್ತದೆ. ನಿಜವಾದ ವಿಮಾನಗಳೂ ಬೆಳಿಗ್ಗೆಯೇ ಬಂದು ಹೋಗಿಬಿಡುತ್ತವೆ.