ಮಬ್ಬು ಬೆಳಕಿನಲ್ಲಿ ಓಡುವ ಮಕ್ಕಳು

ಪ್ರಶ್ನೆ: ಮಳೆಗಾಲದ ಸಂಜೆ ಬಯಲಲ್ಲಿ ಆಡುವ ಮಕ್ಕಳ ಫೋಟೊ ಮಸುಕಾಗುವುದೇಕೆ?
– ಓದುಗರು, ನ್ಯಾಮತಿ

ಉತ್ತರ: ಬೆಳಕು ಸಾಲದಾಗ ಕ್ಯಾಮೆರಾ ಷಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಸೆಕೆಂಡಿಗೆ 3 ಮೀಟರ್ ಓಡುವ ಮಗು 1/30 ಸೆಕೆಂಡಿನಲ್ಲಿ 10 ಸೆಂಟಿಮೀಟರ್ ಸರಿದಿರುತ್ತದೆ. 1/250ರಲ್ಲಿ ಬರೀ 1.2.

ಹಾಗಾಗಿ ಷಟರನ್ನು 1/250ಕ್ಕೆ ಇಟ್ಟು ಐಎಸ್‌ಒ 3200ರವರೆಗೆ ಏರಿಸುವುದು ಲೇಸು. ಚಿತ್ರ ತುಸು ತರಿತರಿಯಾದೀತು, ಆಗಲಿ. ಎಫ್/1.8 ಲೆನ್ಸಿನಲ್ಲಿ ಎಫ್/5.6ಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು ಒಳಬರುತ್ತದೆ. ಫ್ಲ್ಯಾಶ್ ಮಾತ್ರ ಬೇಡ. ಅದು ಮಿಂಚಿದರೆ ಮಕ್ಕಳು ಆಟ ಬಿಟ್ಟು ಪೋಸು ಕೊಡುತ್ತಾರೆ.

ನಾಗರ ಪಂಚಮಿಯ ಜೋಕಾಲಿ ಸುಲಭದ ಗುರಿ: ತುದಿ ಮುಟ್ಟಿ ಹಿಂದಿರುಗುವಾಗ ಅದು ಅರೆಕ್ಷಣ ನಿಲ್ಲುತ್ತದೆ. ಆಗ ಒತ್ತಬೇಕು.

ತುಸು ಮಸುಕಾದರೂ ಅಳಿಸಬೇಕಿಲ್ಲ. 1932ರಲ್ಲಿ ಆನ್ರಿ ಕಾರ್ತಿಯೇ-ಬ್ರೆಸೋನ್ ಪ್ಯಾರಿಸ್ಸಿನಲ್ಲಿ ತೆಗೆದ ಜಗತ್ಪ್ರಸಿದ್ಧ ಚಿತ್ರದಲ್ಲಿ, ನಿಂತ ನೀರು ದಾಟಲು ಜಿಗಿದವನೂ ಮಸುಕಾಗಿಯೇ ಇದ್ದಾನೆ.